ಇಂಕರ ಕಲ್ಲುಗೋಡೆಗಳು: ಕಟ್ಟಿದವರು ಯಾರು?

ದಕ್ಷಿಣ ಅಮೆರಿಕಾ ಖಂಡದ ಪೆರು ದೇಶದಲ್ಲಿ, ಆಂಡಿಸ್ ಪರ್ವತಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಕುಸ್ಕೊ ಎಂಬ ಪಟ್ಟಣವಿದೆ. ಇದು ಇಂಕಾ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಊರು. ಆ ಪಟ್ಟಣದ ಹಾತುನ್ ರೂಮಿಯೋಕ್ ಎಂಬ ಇಕ್ಕಟ್ಟಾದ ಓಣಿಯಲ್ಲಿ ಹಸಿರು ಛಾಯೆಯ ದೊಡ್ಡ ಕಲ್ಲುಗಳಿಂದ ಕಟ್ಟಿದ ಹಳೆಯ ಗೋಡೆಯೊಂದುಂಟು. ಹಿಂದೆ ಇಂಕಾ ಅರಸನೊಬ್ಬನ ಅರಮನೆಯ ಗೋಡೆ. ಈಗ ಕ್ರೈಸ್ತ ಮಹಾಧರ್ಮಾಧ್ಯಕ್ಷರ ನಿವಾಸದ ತಳಪಾಯ. ಅದರಲ್ಲಿರುವ ಒಂದು ಕಲ್ಲಿಗೆ ಹನ್ನೆರಡು ಮೂಲೆಗಳು. ಸುತ್ತಲಿನ ಕಲ್ಲುಗಳೆಲ್ಲ ಆ ಹನ್ನೆರಡು ಮೂಲೆಗಳಿಗೂ ಒಗ್ಗಿಕೊಂಡು, ಮಾಗಿದ ದಾಳಿಂಬೆಯ ಕಾಳುಗಳಂತೆ ಒತ್ತೊತ್ತಾಗಿ ಕುಳಿತಿವೆ. ನಡುವೆ ಗಾರೆಯಿಲ್ಲ, ಸುಣ್ಣವಿಲ್ಲ. ಸಂದಿನಲ್ಲಿ ಚಾಕುವಿನ ಅಲಗು ಕೂಡ ತೂರದೆಂದು ಅಲ್ಲಿನ ಪ್ರತಿಯೊಬ್ಬ ಮಾರ್ಗದರ್ಶಿಯೂ ಹೇಳುತ್ತಾನೆ. ನೋಡಿದ ಮೇಲೆ ಅದು ಉತ್ಪ್ರೇಕ್ಷೆಯೆಂದು ಯಾರಿಗೂ ಅನ್ನಿಸುವುದಿಲ್ಲ.

ಅಮೆರಿಕಾದಲ್ಲಿ ನೆಲೆಸಿರುವ ಭಕ್ತರ ಅಪೇಕ್ಷೆಯಂತೆ ಆ ಖಂಡಕ್ಕೆ ಹೋಗಿದ್ದ ಸಂದರ್ಭದಲ್ಲಿ ಪೆರುವನ್ನೂ ನೋಡಿಬರುವ ಅವಕಾಶ ನಮಗೆ ಒದಗಿತು. ಇತಿಹಾಸದ ವಿದ್ಯಾರ್ಥಿಯಾಗಿ ಈ ಗೋಡೆಗಳ ವಿಷಯವನ್ನು ನಾವು ಓದಿದ್ದೆವು, ಚಿತ್ರಗಳಲ್ಲಿಯೂ ನೋಡಿದ್ದೆವು. ಆದರೆ ಕಲ್ಲಿನ ತೂಕ ಚಿತ್ರದಲ್ಲಿ ಕಾಣುವುದಿಲ್ಲ. ಅದರ ಮುಂದೆ ನಿಂತ ಪ್ರತಿಯೊಬ್ಬನ ಬಾಯಿಂದಲೂ ಹೊರಡುವ ಪ್ರಶ್ನೆ ಒಂದೇ: ಇದನ್ನು ಕಟ್ಟಿದವರು ಯಾರು? ಈ ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಕಳೆದ ನಾಲ್ಕೂವರೆ ಶತಮಾನಗಳಲ್ಲಿ ಅದಕ್ಕೆ ದೊರೆತಿರುವ ಉತ್ತರಗಳನ್ನು ನೋಡಿದರೆ, ಕಟ್ಟಿದವರಿಗೆ ಸಲ್ಲಬೇಕಾದ ಗೌರವವನ್ನು ಬೇರೆಯವರಿಗೆ ಹಂಚಿಕೊಡುವ ಕೆಲಸ ಎಷ್ಟು ನಿರಾಯಾಸವಾಗಿ ನಡೆಯುತ್ತದೆಂಬುದು ತಿಳಿಯುತ್ತದೆ. ಈ ಲೇಖನದ ವಿಷಯ ಮುಖ್ಯವಾಗಿ ಅದೇ.

ಮೊದಲು ಆ ಜನರ ಪರಿಚಯ. ‘ಇಂಕಾ’ ಎಂಬುದು ಮೂಲತಃ ಅರಸನ ಬಿರುದು. ಅವರ ನುಡಿ ಕೆಚುವಾ. ಅದನ್ನಾಡುವ ಲಕ್ಷಾಂತರ ಜನ ಇಂದಿಗೂ ಇದ್ದಾರೆ. ತಮ್ಮ ರಾಜ್ಯವನ್ನು ಅವರು ತಾವಾಂತಿನ್‌ಸೂಯು ಎಂದು ಕರೆಯುತ್ತಿದ್ದರು. ಒಂದುಗೂಡಿದ ನಾಲ್ಕು ದಿಕ್ಕಿನ ಸೀಮೆಗಳು ಎಂದು ಅದರ ಅರ್ಥ. ಕ್ರಿ.ಶ. 1438ರಲ್ಲಿ ಪಟ್ಟಕ್ಕೆ ಬಂದನೆಂದು ಪರಂಪರೆಯು ಹೇಳುವ ಪಾಚಕೂತಿ ಎಂಬ ಅರಸನ ಕಾಲದಿಂದ ಇದು ಸಾಮ್ರಾಜ್ಯವಾಗಿ ಬೆಳೆಯಿತು. 1532ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ಕಾಹಾಮಾರ್ಕದಲ್ಲಿ ಇಂಕಾ ಅತಾಹುವಾಲ್ಪನನ್ನು ಸೆರೆಹಿಡಿದಾಗ ಅದರ ಬೆನ್ನೆಲುಬು ಮುರಿಯಿತು. ಎಂದರೆ ಇಡೀ ವೈಭವದ ಆಯುಷ್ಯ ನೂರು ವರ್ಷವೂ ಅಲ್ಲ. ಅಷ್ಟರಲ್ಲಿಯೇ ಅವರು ಇಂದಿನ ಕೊಲಂಬಿಯಾದ ತೆಂಕಣಂಚಿನಿಂದ ಚಿಲಿಯ ನಡುಭಾಗದವರೆಗೆ ಆಳಿದರು, ಸುಮಾರು 30,000 ಕಿಲೋಮೀಟರ್ ರಸ್ತೆಗಳ ಜಾಲವನ್ನು ಹೆಣೆದರು. (ನಮ್ಮ ಹಾಸನದ ರೈತರು ಬೆಳೆಯುವ ಆಲೂಗೆಡ್ಡೆಯ ತವರು ಈ ಆಂಡಿಸ್ ಬೆಟ್ಟಗಳೇ ಎಂಬುದನ್ನು ವಾಚಕರು ನೆನೆಯಬಹುದು. ಅಲ್ಲಿಯ ಸಂತೆಯಲ್ಲಿ ನೇರಳೆ, ಕೆಂಪು, ಕಪ್ಪು ಬಣ್ಣದ ಆಲೂಗೆಡ್ಡೆಯ ರಾಶಿಗಳನ್ನು ನೋಡಿ ನಮಗೆ ತವರಿನ ಬಂಧುಗಳನ್ನು ಕಂಡಂತಾಯಿತು.)

ಈ ಜನರಲ್ಲಿ ಏನೇನಿರಲಿಲ್ಲ ಎಂಬುದನ್ನು ಅರಿತರೆ ಬೆರಗು ಇಮ್ಮಡಿಯಾಗುತ್ತದೆ. ಅವರಿಗೆ ಕಬ್ಬಿಣ ಗೊತ್ತಿರಲಿಲ್ಲ. ಕಂಚು ಗೊತ್ತಿತ್ತು, ಆದರೆ ಗಟ್ಟಿಯಾದ ಅಗ್ನಿಶಿಲೆಯನ್ನು ಕಡಿಯಲು ಕಂಚಿನ ಉಳಿ ಸಾಲದು. ಭಾರ ಸಾಗಿಸಲು ಚಕ್ರವನ್ನು ಅವರು ಬಳಸಲಿಲ್ಲ. ಎತ್ತು, ಕುದುರೆ, ಆನೆ ಒಂದೂ ಆ ನಾಡಿನಲ್ಲಿರಲಿಲ್ಲ. ಇದ್ದ ಲಾಮಾ ಎಂಬ ಪ್ರಾಣಿ ಇಪ್ಪತ್ತೈದು ಮೂವತ್ತು ಕಿಲೋಗ್ರಾಂ ಹೊತ್ತೀತು, ಅಷ್ಟೆ. ನಮ್ಮರ್ಥದ ಲಿಪಿಯೂ ಇರಲಿಲ್ಲ. ಬಣ್ಣಬಣ್ಣದ ದಾರಗಳಿಗೆ ಗಂಟು ಹಾಕಿ ಲೆಕ್ಕವಿಡುವ ಕೀಪು ಎಂಬ ಪದ್ಧತಿಯಿತ್ತು. ಗಂಟಿನ ಸ್ಥಾನದಿಂದ ಬಿಡಿ, ಹತ್ತು, ನೂರು, ಸಾವಿರಗಳನ್ನು ಗುರುತಿಸುತ್ತಿದ್ದ ಈ ಲೆಕ್ಕವು ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಮುಂದೆ ಸ್ಪೇನಿನ ನ್ಯಾಯಾಲಯಗಳೇ ಅದನ್ನು ಸಾಕ್ಷ್ಯವಾಗಿ ಕೇಳಿದ್ದುಂಟು.

ಕುಸ್ಕೊ ಪಟ್ಟಣದ ನೆತ್ತಿಯ ಮೇಲಿನ ಬೆಟ್ಟದಲ್ಲಿ ಸಾಕ್ಸಾಯ್‌ವಮಾನ್ ಇದೆ. ಕೋಟೆಯೆಂದು ಕರೆಯುವ ರೂಢಿಯಿದ್ದರೂ ಪೂಜಾಸ್ಥಾನ, ಉಗ್ರಾಣ, ಆಯುಧಾಗಾರಗಳೆಲ್ಲ ಅಲ್ಲಿದ್ದವು. ಗರಗಸದ ಹಲ್ಲುಗಳಂತೆ ಒಳಗೆ ಹೊರಗೆ ಮುರಿಯುತ್ತ ಸಾಗುವ ಮೂರು ಗೋಡೆಗಳು, ಒಂದರ ಮೇಲೊಂದು ಮೆಟ್ಟಿಲುಮೆಟ್ಟಿಲಾಗಿ, ಸುಮಾರು ನಾನೂರು ಮೀಟರುಗಳುದ್ದಕ್ಕೆ ಚಾಚಿವೆ. ಕೆಳಗಿನ ಗೋಡೆಯ ಮೂಲೆಗಲ್ಲುಗಳಲ್ಲಿ ಅತಿ ದೊಡ್ಡದು ನೂರು ಟನ್ನಿಗೂ ಮೀರಿದ ತೂಕದ್ದು. ಮನುಷ್ಯನೊಬ್ಬ ಅದರ ಪಕ್ಕದಲ್ಲಿ ನಿಂತರೆ ಬಾಗಿಲ ಬುಡದಲ್ಲಿ ಕುಳಿತ ಬೆಕ್ಕಿನಂತೆ ಕಾಣುತ್ತಾನೆ. ವಿಶೇಷವೆಂದರೆ, ಇಷ್ಟು ದೊಡ್ಡ ಬಂಡೆಗಳನ್ನು ಅವರು ಇಟ್ಟಿಗೆಯಂತೆ ಚೌಕ ಮಾಡಿ ಸರಳಗೊಳಿಸಿಕೊಳ್ಳಲಿಲ್ಲ. ಒಂದೊಂದು ಕಲ್ಲಿಗೂ ಅದರದೇ ಆಕಾರ. ಪಕ್ಕದ ಕಲ್ಲು ಆ ಆಕಾರವನ್ನು ಒಪ್ಪಿಕೊಂಡು ಕೂಡಿದೆ. ಕಲ್ಲುಗಳ ಮೈ ನಡುವೆ ಉಬ್ಬಿ, ಸಂದುಗಳ ಕಡೆಗೆ ಒಳಸರಿದಿರುವುದರಿಂದ ಇಳಿಬಿಸಿಲಿನಲ್ಲಿ ಪ್ರತಿಯೊಂದು ಸಂದೂ ನೆರಳಿನ ಗೆರೆಯಾಗಿ ಎದ್ದು ಕಾಣುತ್ತದೆ. ನಾವು ನೋಡಿದ್ದು ಅಂಥ ಹೊತ್ತಿನಲ್ಲಿಯೇ. ಎತ್ತರದ ತೆಳುಗಾಳಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗಿದ್ದ ನಮಗೆ, ಅದೇ ಗಾಳಿಯನ್ನು ಉಸಿರಾಡುತ್ತ ಈ ಬಂಡೆಗಳನ್ನು ಎಳೆದವರ ಎದೆಗಾರಿಕೆ ಎಂಥದೆಂದು ಅನ್ನಿಸದಿರಲಿಲ್ಲ.

ಸ್ಪೇನಿನವರಿಗೂ ಮೊದಲು ಆದದ್ದು ಇದೇ ವಿಸ್ಮಯ. ಪಿಸಾರೊನ ಕಾರ್ಯದರ್ಶಿಯಾಗಿದ್ದ ಪೇದ್ರೊ ಸಾಂಚೊ ಎಂಬಾತ 1534ರಲ್ಲಿ ಬರೆಯುತ್ತ, ತಮ್ಮ ದೇಶದಲ್ಲಿ ರೋಮನರು ಕಟ್ಟಿದ ಪ್ರಸಿದ್ಧ ಸೆಗೋವಿಯಾದ ಕಮಾನುಸೇತುವೆಯಾಗಲಿ, ಹರ್ಕ್ಯುಲೀಸ್ ಕಟ್ಟಿದನೆನ್ನುವ ಕಟ್ಟಡಗಳಾಗಲಿ ಇದಕ್ಕೆ ಸಾಟಿಯಲ್ಲವೆಂದು ಒಪ್ಪಿಕೊಂಡಿದ್ದಾನೆ. 1550ರ ಸುಮಾರಿಗೆ ಕುಸ್ಕೊಗೆ ಬಂದ ಪೇದ್ರೊ ಸಿಯೆಸಾ ದೆ ಲೆಯೋನ್ ಎಂಬ ಸೈನಿಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದು ಹೇಗೆ ನಡೆಯಿತೆಂದು ಬಲ್ಲ ಹಿರಿಯರನ್ನು ಕೇಳಿದ. ಅವರು ಕೊಟ್ಟ ಲೆಕ್ಕವನ್ನು ಅವನು ಬರೆದಿಟ್ಟಿದ್ದಾನೆ. ಪ್ರಾಂತ್ಯಗಳಿಂದ ಸರದಿಯ ಮೇಲೆ ಬಂದ ಇಪ್ಪತ್ತು ಸಾವಿರ ಮಂದಿ. ಅವರಲ್ಲಿ ನಾಲ್ಕು ಸಾವಿರ ಜನ ಕಲ್ಲು ಒಡೆದು ಕೆತ್ತುವವರು. ಆರು ಸಾವಿರ ಜನ ತೊಗಲು ಮತ್ತು ನಾರಿನ ದಪ್ಪ ಹಗ್ಗಗಳಿಂದ ಎಳೆಯುವವರು. ಉಳಿದವರು ಪಾಯ ತೋಡುವವರು, ಮರ ಕಡಿಯುವವರು. ಸರದಿ ಮುಗಿದವರು ಮನೆಗೆ ಹಿಂದಿರುಗುವರು, ಬೇರೆಯವರು ಬರುವರು. ಈ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಈ ಲೆಕ್ಕದಲ್ಲಿ ಮಾಟಮಂತ್ರವಿಲ್ಲ, ಇರುವುದು ಕೆಲಸದ ಹಂಚಿಕೆ ಎಂಬುದನ್ನು ಗಮನಿಸಬೇಕು.

ಆದರೂ ಬೆರಗಿಗೆ ಲೆಕ್ಕ ರುಚಿಸುವುದಿಲ್ಲವೆಂದು ತೋರುತ್ತದೆ. ಈ ಕಟ್ಟಡವನ್ನು ನೋಡಿದವರಿಗೆ ಇದು ಮನುಷ್ಯರ ಕೆಲಸವಲ್ಲ, ಪಿಶಾಚಗಳ ಕೆಲಸವೆಂದು ಅನ್ನಿಸುತ್ತದೆಂಬ ಮಾತು ಹದಿನಾರನೆಯ ಶತಮಾನದಲ್ಲಿಯೇ ಹಬ್ಬಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಪಿಶಾಚಗಳ ಕಾಲ ಮುಗಿದು ರಸವಿದ್ಯೆಯ ಕಾಲ ಬಂತು. 1953ರಲ್ಲಿ ಅಚ್ಚಾದ ಬ್ರಿಟಿಷ್ ಅನ್ವೇಷಕ ಪರ್ಸಿ ಫಾಸೆಟ್‌ನ ಬರಹಗಳಲ್ಲಿ, ಕಲ್ಲನ್ನು ಮೇಣದಂತೆ ಮೆದುಗೊಳಿಸುವ ಗಿಡದ ರಸದ ಕಥೆಯಿದೆ. ಬಂಡೆಯಲ್ಲಿ ಗೂಡು ಕೊರೆಯುವ ಹಕ್ಕಿ ಆ ಸೊಪ್ಪನ್ನು ಬಲ್ಲುದಂತೆ. 1968ರಲ್ಲಿ ಎರಿಕ್ ಫಾನ್ ಡೆನಿಕನ್ ಎಂಬ ಸ್ವಿಟ್ಜರ್ಲೆಂಡಿನ ಲೇಖಕ, ಲೋಕದ ಪ್ರಾಚೀನ ಕಟ್ಟಡಗಳ ಹಿಂದೆ ಅಂತರಿಕ್ಷದಿಂದ ಬಂದವರ ಕೈಯಿದೆಯೆಂದು ಪುಸ್ತಕ ಬರೆದ. ಅದು ಅನೇಕ ಭಾಷೆಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ನಮ್ಮೊಡನೆ ಗೋಡೆ ನೋಡುತ್ತಿದ್ದ ಪ್ರವಾಸಿಗರ ಗುಂಪಿನಲ್ಲಿಯೂ ಆ ಮಾತನ್ನೇ ಗಟ್ಟಿಯಾಗಿ ಹೇಳುತ್ತಿದ್ದವರಿದ್ದರು. ಪಕ್ಕದಲ್ಲಿಯೇ ಉಣ್ಣೆಯ ಟೋಪಿ ಮಾರುತ್ತ ಕುಳಿತಿದ್ದ ಕೆಚುವಾ ಮುದುಕಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಪ್ಯಾರಿಸ್ಸಿನ ನೋತ್ರ್ ದಾಮ್ ಮಂದಿರವನ್ನೋ ರೋಮಿನ ಪ್ಯಾಂಥಿಯನ್ನನ್ನೋ ನೋಡಿ ಇದನ್ನು ಬೇರೆ ಲೋಕದವರು ಕಟ್ಟಿರಬೇಕೆಂದು ಸಂದೇಹಪಡುವವರು ಎಷ್ಟು ಮಂದಿ? ಸೋತ ಜನರ ಕೆಲಸದ ಮೇಲೆ ಮಾತ್ರ ಈ ಸಂದೇಹ ಬೇಗ ಬಂದು ಕೂಡುತ್ತದೆ. ಅವರ ಬಂಗಾರವನ್ನು ಒಂದು ಕಾಲ ಕಸಿದುಕೊಂಡಿತು, ಅವರ ಕೌಶಲವನ್ನು ಇನ್ನೊಂದು ಕಾಲ.

ಸೋಜಿಗವೆಂದರೆ, ಉತ್ತರ 1609ರಲ್ಲಿಯೇ ಅಚ್ಚಾಗಿತ್ತು. ಗಾರ್ಸಿಲಾಸೊ ದೆ ಲಾ ವೇಗ 1539ರಲ್ಲಿ ಕುಸ್ಕೊದಲ್ಲಿಯೇ ಹುಟ್ಟಿದವನು. ತಂದೆ ಸ್ಪೇನಿನ ದಳಪತಿ, ತಾಯಿ ಇಂಕಾ ರಾಜವಂಶದವಳು. ಬಾಲ್ಯದಲ್ಲಿ ಸಾಕ್ಸಾಯ್‌ವಮಾನಿನ ಅವಶೇಷಗಳ ನಡುವೆ ಆಡಿ ಬೆಳೆದು, 1560ರಲ್ಲಿ ಸ್ಪೇನಿಗೆ ಹೋದವನು ಮತ್ತೆ ತಾಯ್ನಾಡಿಗೆ ಬರಲಿಲ್ಲ. ಮುಪ್ಪಿನಲ್ಲಿ ತಾಯಿಯ ಕಡೆಯವರ ಇತಿಹಾಸವನ್ನು ಬರೆದು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಇಂಕರ ಕಲ್ಲುಕುಟಿಗರಿಗೆ ಹಿವಾನಾ ಎಂಬ ಕರಿಯ ಗುಂಡುಗಲ್ಲುಗಳಲ್ಲದೆ ಬೇರೆ ಸಲಕರಣೆಯಿರಲಿಲ್ಲ, ಅವರು ಕಲ್ಲನ್ನು ಕಡಿಯುತ್ತಿರಲಿಲ್ಲ, ಜಜ್ಜುತ್ತಿದ್ದರು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಈ ಸಾಲನ್ನು ಓದಿದವರು ಅನೇಕರು. ಪರೀಕ್ಷಿಸಿ ನೋಡೋಣವೆಂದು ಕೈಗೆ ಗುಂಡುಗಲ್ಲು ತೆಗೆದುಕೊಂಡವರು ತೀರ ವಿರಳ.

ಅಂಥವರಲ್ಲಿ ಅಗ್ರಗಣ್ಯನೆಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ವಿಭಾಗದಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕನಾಗಿದ್ದ ಜ್ಯಾನ್ ಪಿಯೆರ್ ಪ್ರೊಟ್ಸನ್. 1980ರ ದಶಕದ ಮೊದಲ ವರ್ಷಗಳಲ್ಲಿ ಆತ ಇಂಕರ ಕಲ್ಲುಗಣಿಗಳಲ್ಲಿ ತಿರುಗಾಡಿದ. ಕುಸ್ಕೊದಿಂದ ಸುಮಾರು 35 ಕಿಲೋಮೀಟರ್ ಆಗ್ನೇಯಕ್ಕೆ ರೂಮಿಕೋಲ್ಕ ಎಂಬಲ್ಲಿ ಆಂಡಿಸೈಟ್ ಎಂಬ ಅಗ್ನಿಶಿಲೆಯ ಗಣಿಯಿದೆ. ಅರ್ಧ ಕೆತ್ತಿದ ಕಲ್ಲುಗಳು, ಚಕ್ಕೆಗಳ ರಾಶಿ, ಅವುಗಳ ನಡುವೆ ಆ ಗಣಿಗೆ ಸೇರದ ನದಿಯ ಗುಂಡುಗಲ್ಲುಗಳು ಅವನ ಕಣ್ಣಿಗೆ ಬಿದ್ದವು. ಹೆಚ್ಚಿನವು ಬೆಣಚುಕಲ್ಲಿನ ಜಾತಿಯವು. ತುದಿಗಳು ಬಡಿದು ಬಡಿದು ಸವೆದಿದ್ದವು. ನದಿಯ ಕಲ್ಲು ಬೆಟ್ಟದ ಗಣಿಗೆ ತಾನಾಗಿ ಹತ್ತಿಬರುವುದಿಲ್ಲ. ಗಾರ್ಸಿಲಾಸೊ ಹೇಳಿದ ಬಡಿಗಲ್ಲುಗಳು ಇವೇ.

ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಕಟ್ಟಡದ ಕೆಲಸ ಬಲ್ಲ ಇಂಜಿನಿಯರುಗಳು ಬಹು ಮಂದಿ ಇದ್ದಾರೆ. ಮುಂದಿನ ವಿವರ ವಿಶೇಷವಾಗಿ ಅವರಿಗೆ ರುಚಿಸೀತು. ಪ್ರೊಟ್ಸನ್ ಸುಮಾರು ನಾಲ್ಕು ಕಿಲೋಗ್ರಾಂ ತೂಕದ ಬಡಿಗಲ್ಲನ್ನು ಎರಡು ಕೈಗಳಿಂದ ಹಿಡಿದು, ಒಂದು ಗೇಣಿಗಿಂತ ಸ್ವಲ್ಪ ದೊಡ್ಡದಾದ ಆಂಡಿಸೈಟ್ ಕಲ್ಲಿನ ಮೇಲೆ ಬಿಡತೊಡಗಿದ. ಬಲದಿಂದ ಹೊಡೆಯಬೇಕಾಗಿಲ್ಲ, ಬಡಿಗಲ್ಲು ತನ್ನ ಭಾರದಿಂದ ಬಿದ್ದು, ತಾನೇ ಪುಟಿದು ಕೈಗೆ ಬರುತ್ತದೆ, ಕೈಯ ಕೆಲಸ ದಾರಿ ತೋರಿಸುವುದಷ್ಟೆ. ನೇರವಾಗಿ ಬಿದ್ದರೆ ಕಲ್ಲು ಪುಡಿಯಾಗುತ್ತದೆ. ತುಸು ಓರೆಯಾಗಿಸಿದರೆ ಸಣ್ಣ ಚಕ್ಕೆ ಏಳುತ್ತದೆ, ಕೆಲಸ ಬೇಗ ಸಾಗುತ್ತದೆ. ಒಂದು ಮೈಯನ್ನು ಸಮತಟ್ಟು ಮಾಡಲು ಅವನಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಅಂಚಿಗೆ ಬಂದಾಗ ದೊಡ್ಡ ಬಡಿಗಲ್ಲು ಅಂಚನ್ನೇ ಮುರಿದೀತೆಂದು ಅಂಗೈಯಲ್ಲಿ ಹಿಡಿಯುವ ಸಣ್ಣ ಬಡಿಗಲ್ಲನ್ನು ಬಳಸಿದ. ಮೂರು ಮೈಗಳು, ಐದು ಅಂಚುಗಳು, ಒಟ್ಟು ತೊಂಬತ್ತು ನಿಮಿಷ. ಮಾಡಿದವನು ವೃತ್ತಿಯ ಕಲ್ಲುಕುಟಿಗನಲ್ಲ, ಪ್ರಾಧ್ಯಾಪಕ! ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದವನ ಕೈಯ ವೇಗವನ್ನು ಊಹಿಸಿಕೊಳ್ಳಬಹುದು.

ಈ ಪ್ರಯೋಗವನ್ನು ತಿಳಿದ ಮೇಲೆ ಕುಸ್ಕೊದ ಗೋಡೆಯನ್ನು ಮತ್ತೆ ನೋಡಿದರೆ ಅದು ಬೇರೆಯಾಗಿಯೇ ಕಾಣುತ್ತದೆ. ಕಲ್ಲಿನ ಮೈಮೇಲೆ ಸಿಡುಬಿನ ಕಲೆಗಳಂತೆ ಸಣ್ಣ ಕುಳಿಗಳಿವೆ. ಮೈಯ ನಡುವೆ ಅವು ದೊಡ್ಡವು. ಸಂದಿನ ಹತ್ತಿರ ಬಂದಂತೆ ಸಣ್ಣವಾಗುತ್ತವೆ. ಎಂದರೆ ನಡುವೆ ದೊಡ್ಡ ಬಡಿಗಲ್ಲು, ಅಂಚಿನಲ್ಲಿ ಚಿಕ್ಕದು. ಅಂಚಿನಲ್ಲಿ ಕೈ ಹಗುರಾಗಿದೆ, ಗಮನ ಹೆಚ್ಚಾಗಿದೆ. ಸಂದುಗಳು ಒಳಸರಿದು ಕಾಣುವುದು ಅಲಂಕಾರದ ಇಚ್ಛೆಯಿಂದ ಮಾತ್ರವಲ್ಲ, ಅದು ಈ ಬಗೆಯ ಕೆಲಸದಿಂದ ಹುಟ್ಟುವ ಆಕಾರವೂ ಹೌದು. ನಾವು ಬೆರಳನ್ನು ಆ ಕುಳಿಗಳ ಮೇಲೆ ಆಡಿಸಬೇಕೆಂದಿದ್ದೆವು. ಮುಟ್ಟಬಾರದೆಂಬ ನಿಯಮವಿದೆ, ಮುಟ್ಟಲಿಲ್ಲ. ಕಣ್ಣಿನಿಂದ ನೋಡಿದರೂ ಸಾಕು, ಐದಾರು ನೂರು ವರ್ಷಗಳ ಹಿಂದಿನ ಒಬ್ಬ ಕೆಲಸಗಾರ ಎಲ್ಲಿ ಸಲಕರಣೆ ಬದಲಾಯಿಸಿದನೆಂದು ಗೊತ್ತಾಗುತ್ತದೆ. ಬೇರೆ ಲೋಕದವರ ಯಂತ್ರವೂ ಗಿಡದ ರಸವೂ ಇಂಥ ಗುರುತನ್ನು ಬಿಡುವುದಿಲ್ಲ.

ಇನ್ನು ಕೂಡಿಸುವ ವಿದ್ಯೆ. ಮೇಲಿನ ಕಲ್ಲಿನ ತಳ ಹೇಗಿದೆಯೋ ಹಾಗೆ ಕೆಳಗಿನ ವರಸೆಯ ತಲೆಯನ್ನು ಕೆತ್ತುವುದು ಅವರ ಕ್ರಮ. ಮೇಲಿನ ಕಲ್ಲು ಕಳಚಿಹೋದ ಕಡೆಗಳಲ್ಲಿ, ಅದು ಕುಳಿತಿದ್ದ ತಗ್ಗು ಕೆಳಗಿನ ಕಲ್ಲಿನಲ್ಲಿ ಅಚ್ಚೊತ್ತಿದಂತೆ ಉಳಿದಿದೆ. ಸಣ್ಣ ಕಲ್ಲಾದರೆ ಮತ್ತೆ ಮತ್ತೆ ಇಟ್ಟು ನೋಡಿ, ಕಲ್ಲಿನ ಪುಡಿ ಎಲ್ಲಿ ಒತ್ತಿದೆಯೆಂದು ಗುರುತಿಸಿ, ಅಲ್ಲಲ್ಲಿ ಬಡಿದು ಸರಿಪಡಿಸಬಹುದು. ಪ್ರೊಟ್ಸನ್ ಅದನ್ನೂ ಮಾಡಿ ತೋರಿಸಿದ್ದಾನೆ. ನೂರು ಟನ್ನಿನ ಬಂಡೆಯನ್ನು ಹಾಗೆ ಎತ್ತಿ ಇಳಿಸಿ ನೋಡಲಾದೀತೆ? ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂಡೆಯನ್ನು ಮರದ ದಿಮ್ಮಿಗಳ ಮೇಲೆ ಎತ್ತರದಲ್ಲಿ ನಿಲ್ಲಿಸಿ, ಕಡ್ಡಿಗೆ ತೂಗುಗುಂಡು ಕಟ್ಟಿ ಅದರ ತಳದ ಆಕಾರವನ್ನು ಕೆಳಗಿನ ಕಲ್ಲಿಗೆ ಇಳಿಸಿಕೊಳ್ಳುತ್ತಿದ್ದರೆಂಬುದು ವಿನ್ಸೆಂಟ್ ಲೀ ಎಂಬ ವಾಸ್ತುಶಿಲ್ಪಿಯ ವಾದ. ಒಪ್ಪದವರೂ ಇದ್ದಾರೆ. ಒಂದು ವಿವರಣೆಯಲ್ಲಿ ಭಿನ್ನಾಭಿಪ್ರಾಯವಿದೆಯೆಂದ ಮಾತ್ರಕ್ಕೆ ಆ ಬಿರುಕಿನಲ್ಲಿ ಆಕಾಶಯಾನವನ್ನು ತೂರಿಸುವುದು ತರ್ಕವಲ್ಲ.

ಕಲ್ಲನ್ನು ಎಳೆದ ಬಗೆಯನ್ನು ನೋಡಬೇಕಾದರೆ ಓಯಾಂತಾಯ್‌ತಾಂಬೊ ಎಂಬ ಊರಿಗೆ ಹೋಗಬೇಕು. ಉರುಬಾಂಬಾ ನದಿಯ ಕಣಿವೆಯಲ್ಲಿ, ಕಡಿದಾದ ಗುಡ್ಡದ ಮೇಲೆ, ಆರು ಭಾರಿ ಬಂಡೆಗಳನ್ನು ಸಾಲಾಗಿ ನಿಲ್ಲಿಸಿ ಕಟ್ಟಿದ ಗೋಡೆಯೊಂದಿದೆ. ನಡುನಡುವೆ ಕಿರಿದಾದ ಕಲ್ಲುಪಟ್ಟಿಗಳು. ನಸುಗೆಂಪು ಬಣ್ಣದ ಈ ಕಲ್ಲು ಆ ಗುಡ್ಡದ್ದಲ್ಲ. ನದಿಯ ಆಚೆ ದಡದಲ್ಲಿ, ಹಲವು ಕಿಲೋಮೀಟರ್ ದೂರದಲ್ಲಿ, ಕಣಿವೆಯ ತಳದಿಂದ ನೂರಾರು ಮೀಟರ್ ಮೇಲಿರುವ ಕಾಚಿಕಾತ ಎಂಬ ಬಂಡೆಜಾರಿನಿಂದ ಅದನ್ನು ತಂದರು. ಅಲ್ಲಿ ಬೆಟ್ಟವನ್ನು ಒಡೆಯಬೇಕಾಗಿರಲಿಲ್ಲ. ಉರುಳಿ ಬಿದ್ದಿದ್ದ ಬಂಡೆಗಳಲ್ಲಿ ತಕ್ಕುದನ್ನು ಆರಿಸಿ, ಸ್ಥೂಲವಾಗಿ ರೂಪಗೊಳಿಸಿ, ಜಾರುದಾರಿಯಲ್ಲಿ ಕೆಳಗಿಳಿಸಿ, ನದಿ ದಾಟಿಸಿ, ಕಟ್ಟಿದ ಇಳಿಜಾರು ರಸ್ತೆಯ ಮೇಲೆ ಈ ಗುಡ್ಡಕ್ಕೆ ಏರಿಸಿದರು. ಆ ರಸ್ತೆ ಇಂದಿಗೂ ಕಾಣುತ್ತದೆ. ಬಂಡೆಗಳ ಒಂದು ಮೈ ಸವೆದು ನುಣುಪಾಗಿ, ಎಳೆದ ದಿಕ್ಕಿನಲ್ಲಿ ಉದ್ದುದ್ದ ಗೀರುಗಳಿರುವುದನ್ನು ಪ್ರೊಟ್ಸನ್ ಗುರುತಿಸಿದ್ದಾನೆ. ದಾರಿಯಲ್ಲಿ ಹತ್ತಾರು ಬಂಡೆಗಳು ಬಿದ್ದ ಕಡೆಯೇ ಉಳಿದಿವೆ. ಅಲ್ಲಿಯ ಜನ ಅವನ್ನು ‘ದಣಿದ ಕಲ್ಲು’ಗಳೆಂದು ಕರೆಯುತ್ತಾರೆ. ಎಳೆದವರು ದಣಿದರೆನ್ನದೆ ಕಲ್ಲೇ ದಣಿಯಿತೆನ್ನುವ ಈ ಮಾತಿನ ಸೌಜನ್ಯ ನಮ್ಮ ಮನಸ್ಸನ್ನು ತಟ್ಟಿತು.

ಕೆಲಸ ಅಲ್ಲಿಯೇ ನಿಂತಿತು. 1536ರಲ್ಲಿ ಇಂಕಾ ಮಾಂಕೊ ಸ್ಪೇನಿನವರ ವಿರುದ್ಧ ಎದ್ದು ಕುಸ್ಕೊಗೆ ಮುತ್ತಿಗೆ ಹಾಕಿದ. ಸಾಕ್ಸಾಯ್‌ವಮಾನಿನ ಕಾಳಗದಲ್ಲಿ ಪಿಸಾರೊನ ತಮ್ಮ ಹುವಾನ್ ಸತ್ತ. ಆದರೂ ಮುತ್ತಿಗೆ ವಿಫಲವಾಯಿತು. ಮಾಂಕೊ ಓಯಾಂತಾಯ್‌ತಾಂಬೊಗೆ ಹಿಂದೆಗೆದು, ಅಲ್ಲಿ ಬೆನ್ನಟ್ಟಿ ಬಂದ ಹೆರ್ನಾಂದೊ ಪಿಸಾರೊನನ್ನು ಸೋಲಿಸಿ ಓಡಿಸಿದ; ಬಳಿಕ ವಿಲ್ಕಬಾಂಬದ ಕಾಡು ಸೇರಿದ. ಅವನ ವಂಶದ ಕೊನೆಯ ಇಂಕಾ ತೂಪಾಕ್ ಅಮಾರುವನ್ನು 1572ರಲ್ಲಿ ಕುಸ್ಕೊದ ಚೌಕದಲ್ಲಿ ಶಿರಚ್ಛೇದ ಮಾಡಿದರು.

ಗೆದ್ದವರು ಸಾಕ್ಸಾಯ್‌ವಮಾನನ್ನು ಕಲ್ಲುಗಣಿಯಾಗಿ ಮಾಡಿಕೊಂಡರು. ಕುಸ್ಕೊದ ಮನೆಗಳಿಗೂ ಪ್ರಧಾನ ಚರ್ಚಿಗೂ ಅಲ್ಲಿಯ ಕೆತ್ತಿದ ಕಲ್ಲುಗಳು ಇಳಿದುಬಂದವು. ಮೇಲಿದ್ದ ಗೋಪುರಗಳು ಬುಡ ಮಾತ್ರ ಉಳಿದು ಹೋದವು. ಈಗ ನಾವು ಕಾಣುವ ಭಾರಿ ಬಂಡೆಗಳು ಉಳಿದಿರುವುದು ಯಾರ ಕರುಣೆಯಿಂದಲೂ ಅಲ್ಲ; ಅವನ್ನು ಕದಲಿಸುವ ಶಕ್ತಿ ಗೆದ್ದವರಿಗೆ ಇರಲಿಲ್ಲ. 1934ರಲ್ಲಿ ಉತ್ಖನನ ನಡೆಸಿ ಮಣ್ಣು ತೆಗೆದ ಮೇಲೆ ಗೋಡೆಗಳು ಬಹುಮಟ್ಟಿಗೆ ಇಂದಿನಂತೆ ಕಾಣಿಸಿಕೊಂಡವು.

ಸೂರ್ಯದೇವಾಲಯವಾದ ಕೊರಿಕಾಂಚದ ಕಥೆಯೂ ಇಂಥದೇ. ಅದರ ಚಿನ್ನದ ತಗಡುಗಳನ್ನು 1533ರಲ್ಲಿ ಕಿತ್ತರು, ಗೋಡೆಗಳ ಮೇಲೆ ಸಾಂತೊ ದೊಮಿಂಗೊ ಎಂಬ ಕ್ರೈಸ್ತ ಮಠವನ್ನು ಕಟ್ಟಿದರು. 1650ರ ಭೂಕಂಪದಲ್ಲಿ ಮೇಲಿನ ಕಟ್ಟಡ ಕುಸಿಯಿತು; ಮತ್ತೆ ಕಟ್ಟಿದರು. 1950ರ ಮೇ 21ರಂದು ಮತ್ತೊಮ್ಮೆ ಭೂಮಿ ನಡುಗಿದಾಗ ಮೇಲಿನದು ಪುನಃ ಜರಿಯಿತು, ಒಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಹೊರಬಿದ್ದವು. ಅವು ಅಲ್ಲಾಡಿರಲಿಲ್ಲ. ಇಂಕಾ ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಒಳಕ್ಕೆ ವಾಲುತ್ತದೆ. ಬಾಗಿಲು, ಗೂಡುಗಳೆಲ್ಲ ಕೆಳಗೆ ಅಗಲ, ಮೇಲೆ ಕಿರಿದು. ಗಾರೆಯಿಲ್ಲದ ಕಾರಣ ಕಂಪನ ಬಂದಾಗ ಕಲ್ಲುಗಳು ಕೊಂಚ ಸರಿದಾಡಿ ಮತ್ತೆ ತಮ್ಮ ತಗ್ಗಿನಲ್ಲಿಯೇ ಕೂಡುತ್ತವೆ.

ಮಾಚು ಪಿಚ್ಚುವಿನ ವಿಷಯವಾಗಿ ಎಲ್ಲರೂ ಬರೆದಿದ್ದಾರೆ. ನಾವು ಹೆಚ್ಚು ಬರೆಯಬೇಕಾಗಿಲ್ಲ. ಪಾಚಕೂತಿಯ ವಿಶ್ರಾಂತಿಧಾಮವಾಗಿದ್ದ ಆ ಊರನ್ನು 1911ರಲ್ಲಿ ಹೈರಮ್ ಬಿಂಗಮ್ ಕಂಡುಹಿಡಿದನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅವನು ಹೋದಾಗ ಅಲ್ಲಿ ರೈತರು ಬೇಸಾಯ ಮಾಡಿಕೊಂಡಿದ್ದರು. ಗೋಡೆಯೊಂದರ ಮೇಲೆ ಅಗುಸ್ತಿನ್ ಲಿಸಾರಾಗ ಎಂಬ ಸ್ಥಳೀಯನ ಹೆಸರೂ 1902 ಎಂಬ ವರ್ಷವೂ ಬರೆದಿದ್ದವು. ನಮಗೆ ಅಲ್ಲಿ ಗೋಡೆಗಳಿಗಿಂತ ನೀರಿನ ವ್ಯವಸ್ಥೆಯೇ ಹೆಚ್ಚು ವಿಸ್ಮಯಕರವಾಗಿ ಕಂಡಿತು. ಬುಗ್ಗೆಯಿಂದ 749 ಮೀಟರುದ್ದದ ಕಾಲುವೆಯಲ್ಲಿ ಬಂದ ನೀರು ಹದಿನಾರು ಕಾರಂಜಿಗಳಲ್ಲಿ ಒಂದಾದ ಮೇಲೊಂದರಂತೆ ಇಳಿಯುತ್ತದೆ. ಮಳೆನೀರು ಹೊರಹೋಗಲು ಗೋಡೆಗಳಲ್ಲಿ ಸುಮಾರು 130 ಕಂಡಿಗಳಿವೆ. ಕಟ್ಟಡದ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೆಲದಡಿಯ ಪಾಯಕ್ಕೂ ಜಲ್ಲಿಯ ಹಾಸಿಗೂ ಸಂದಿತೆಂದು ಅದನ್ನು ಅಭ್ಯಸಿಸಿದ ಇಂಜಿನಿಯರುಗಳು ಹೇಳಿದ್ದಾರೆ. 2023ರಲ್ಲಿ ಪ್ರಕಟವಾದ ಅಸ್ಥಿಗಳ ಅಧ್ಯಯನವೊಂದರಿಂದ, ಅಲ್ಲಿ ವಾಸಿಸಿ ಮಣ್ಣಾದ ಸೇವಕವರ್ಗದವರು ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬಂದವರೆಂಬುದು ತಿಳಿಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಶ್ರಮವೆಲ್ಲ ಸ್ವಇಚ್ಛೆಯದಾಗಿರಲಿಲ್ಲ. ಪ್ರತಿ ಕುಟುಂಬವೂ ವರ್ಷದಲ್ಲಿ ಇಷ್ಟು ಕಾಲ ಸರದಿಯ ಮೇಲೆ ರಾಜ್ಯಕ್ಕೆ ದುಡಿಯಬೇಕೆಂಬ ‘ಮೀತ’ ಎಂಬ ಪದ್ಧತಿಯಿತ್ತು. ನಾಣ್ಯವಿಲ್ಲದ ಆ ರಾಜ್ಯದಲ್ಲಿ ಕಂದಾಯವೆಂದರೆ ದುಡಿಮೆಯೇ. ಪ್ರತಿಯಾಗಿ ರಾಜ್ಯವು ದುಡಿಯುವವರಿಗೆ ಉಣ್ಣಲಿಕ್ಕಿ, ಉಡಲು ಕೊಟ್ಟು, ಮುಸುಕಿನಜೋಳದ ಪಾನೀಯವನ್ನು ಹಂಚಬೇಕಾಗಿತ್ತು. ಹುವಾನುಕೊ ಪಾಂಪ ಎಂಬ ಒಂದೇ ಊರಿನಲ್ಲಿ ಸುಮಾರು 500 ಉಗ್ರಾಣಗಳ ಅವಶೇಷಗಳಿರುವುದು ಈ ಹೊಣೆಗಾರಿಕೆಯ ಗಾತ್ರವನ್ನು ತೋರಿಸುತ್ತದೆ. 1570ರ ದಶಕದಲ್ಲಿ ಸ್ಪೇನಿನ ವೈಸರಾಯ್ ತೊಲೇದೊ ಇದೇ ಹೆಸರನ್ನು ಉಳಿಸಿಕೊಂಡು, ಅನ್ನದ ಹೊಣೆಯನ್ನು ಕೈಬಿಟ್ಟು, ಪೊತೋಸಿಯ ಬೆಳ್ಳಿಗಣಿಗಳಿಗೆ ಜನರನ್ನು ಅಟ್ಟಿದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಇಂಕರ ಮೀತದಲ್ಲಿ ಸಾವುನೋವು ಇರಲಿಲ್ಲವೆಂದೂ ಭಾವಿಸಬೇಕಾಗಿಲ್ಲ.

ಆ ಸರದಿಯ ದುಡಿಮೆಯ ಒಂದು ಸೌಮ್ಯವಾದ ಅವಶೇಷ ಇನ್ನೂ ಜೀವಂತವಾಗಿದೆ. ಆಪುರಿಮಾಕ್ ನದಿಯ ಮೇಲೆ ಕೆಸ್ವಾಚಾಕ ಎಂಬ ಹುಲ್ಲುಹಗ್ಗದ ತೂಗುಸೇತುವೆಯನ್ನು ನಾಲ್ಕು ಹಳ್ಳಿಯವರು ಕೂಡಿ ಪ್ರತಿವರ್ಷ ಹೊಸದಾಗಿ ಹೊಸೆದು ಕಟ್ಟುತ್ತಾರೆ. ಮನೆಮನೆಯಿಂದಲೂ ಹೊಸೆದ ಹಗ್ಗ ಬರುತ್ತದೆ. ಎಳೆಗೆ ಎಳೆ ಸೇರಿ ತೊಡೆಯ ಗಾತ್ರದ ಮಿಣಿಯಾಗುತ್ತದೆ. 2013ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಗ್ಗದಿಂದ ಬಂಡೆಗಳನ್ನು ಎಳೆಯಲಾದೀತೆ ಎಂದು ಸಂಶಯಪಡುವವರು ಅದನ್ನು ನೋಡಬೇಕು.

ಗಾರ್ಸಿಲಾಸೊ ತನ್ನ ಗ್ರಂಥದಲ್ಲಿ ಸಾಕ್ಸಾಯ್‌ವಮಾನಿನ ಒಂದು ದಣಿದ ಕಲ್ಲಿನ ಕಥೆಯನ್ನೂ ಹೇಳಿದ್ದಾನೆ. ಇಪ್ಪತ್ತು ಸಾವಿರ ಜನ ಅದನ್ನು ಎಳೆದು ತರುತ್ತಿದ್ದರಂತೆ. ಏರಿನಲ್ಲಿ ಹಿಡಿತ ತಪ್ಪಿ ಅದು ಹಿಂದಕ್ಕೆ ಉರುಳಿ ಮೂರು ನಾಲ್ಕು ಸಾವಿರ ಜನರನ್ನು ಕೊಂದಿತಂತೆ. ಆ ಕಲ್ಲು ರಕ್ತದ ಕಣ್ಣೀರು ಸುರಿಸಿತೆಂದು ಜನ ಹೇಳುತ್ತಿದ್ದರಂತೆ. ಸಂಖ್ಯೆ ಜನಪದದ್ದು, ದುಃಖ ನಿಜದ್ದು. ಆದರೆ ಅದೇ ಗ್ರಂಥದಲ್ಲಿ ಆತ ಇನ್ನೊಂದು ಕೆಲಸ ಮಾಡಿದ್ದಾನೆ. ನಮ್ಮ ಮಟ್ಟಿಗೆ ಅದು ಅವನ ಇಡೀ ಪುಸ್ತಕದ ಬೆಲೆಯುಳ್ಳದ್ದು. ಆ ಕಟ್ಟಡದ ಮುಖ್ಯ ಶಿಲ್ಪಿಗಳ ಹೆಸರುಗಳನ್ನು ಅವನು ಬರೆದಿಟ್ಟಿದ್ದಾನೆ. ಮೊದಲನೆಯವನು ವಾಲ್ಪ ರಿಮಾಚಿ ಇಂಕಾ. ಅವನ ಬಳಿಕ ಇಂಕಾ ಮಾರಿಕಾಂಚಿ. ಮೂರನೆಯವನು ಆಕಾವಾನ ಇಂಕಾ. ನಾಲ್ಕನೆಯವನು ಕಾಯಾ ಕುಂಚುಯ್. ದಣಿದ ಕಲ್ಲು ಬಂದದ್ದು ಇವನ ಕಾಲದಲ್ಲಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟನಂತೆ. ಸಾಕ್ಸಾಯ್‌ವಮಾನಿನ ಹಿಂದಣ ಬಯಲಿನಲ್ಲಿ ಮೆಟ್ಟಿಲು, ಪೀಠಗಳನ್ನು ಕೊರೆದ ಒಂದು ಮಹಾಬಂಡೆಯನ್ನು ತೋರಿಸಿ ಇದೇ ಆ ಕಲ್ಲೆಂದು ಊರಿನವರು ಈಗಲೂ ಹೇಳುತ್ತಾರೆ.